ಹಳೆಯ ಮನೆ ಮಾರುವಾಗ ನಕ್ಷೆ ಕೇಳುವವರು ಯಾರು?

ಅಪ್ಪ ಕಟ್ಟಿಸಿದ ರಾಜಾಜಿನಗರದ ಮನೆಯನ್ನು ಮಾರುವುದೆಂದು ನಾವು ಮೂವರು ಮಕ್ಕಳು ಒಮ್ಮತಕ್ಕೆ ಬಂದದ್ದು 2024ರ ದಸರೆಯ ರಜೆಯಲ್ಲಿ. ಅಮ್ಮ ತೀರಿಕೊಂಡು ಒಂದು ವರ್ಷವಾಗಿತ್ತು. ಅಕ್ಕ ಶಿವಮೊಗ್ಗದಲ್ಲಿ, ತಮ್ಮ ಹುಬ್ಬಳ್ಳಿಯಲ್ಲಿ ನೆಲೆಸಿದ್ದರು. ಬೆಂಗಳೂರಿನಲ್ಲೇ ಇದ್ದ ನಾನು ನಿವೃತ್ತಿಯ ನಂತರ ಮಗಳ ಮನೆಗೆ ಹತ್ತಿರವಾಗಲೆಂದು ಬೇರೆ ಬಡಾವಣೆಗೆ ಹೋಗಿದ್ದೆ. ಬೀಗ ಹಾಕಿದ ಮನೆ ಎಷ್ಟು ಬೇಗ ಹಾಳಾಗುತ್ತದೆ ಎಂಬುದನ್ನು ಆ ಒಂದು ಮಳೆಗಾಲದಲ್ಲೇ ಕಂಡಿದ್ದೆವು. ಮೂವತ್ತು ನಲವತ್ತರ ನಿವೇಶನ, ಅದರಲ್ಲಿ 1978ರಲ್ಲಿ ಕಟ್ಟಿದ ನೆಲಮಹಡಿ, ತಮ್ಮನ ಮದುವೆಗೆ ಮುಂಚೆ 1991ರಲ್ಲಿ ಏರಿಸಿದ ಮೊದಲ ಮಹಡಿ, ಹಿತ್ತಲಿನಲ್ಲಿ ಒಂದು ನಿಂಬೆ ಗಿಡ, ಇಷ್ಟೇ ನಮ್ಮ ಆಸ್ತಿ.

ಮಾರಾಟದ ಸುದ್ದಿ ಹೊರಬಿದ್ದ ವಾರದೊಳಗೆ ನನಗೆ ಎರಡು ಬಗೆಯ ಉಪದೇಶ ಸಿಕ್ಕಿತು. ಈಗಿನ ಕಟ್ಟಡ ನಿಯಮಕ್ಕೆ ಸರಿಹೊಂದದ ಮನೆಯ ನೋಂದಣಿಯೇ ಆಗುವುದಿಲ್ಲವೆಂದು ಎದುರುಮನೆಯವರು ಹೆದರಿಸಿದರು. ಮನೆ ತೋರಿಸಲು ಬಂದ ದಲ್ಲಾಳಿ, ಅದನ್ನೆಲ್ಲ ಯಾರೂ ಕೇಳುವುದಿಲ್ಲ, ಖಾತೆ ಮತ್ತು ಕಂದಾಯದ ರಸೀದಿ ಇದ್ದರೆ ಸಾಕು ಎಂದು ಧೈರ್ಯ ಹೇಳಿದ. ಮುಂದಿನ ಏಳು ತಿಂಗಳು ನಾನು ಓಡಾಡಿದ್ದರ ಸಾರವೆಂದರೆ ಇಬ್ಬರ ಮಾತೂ ಅರ್ಧ ನಿಜವಾಗಿತ್ತು ಎಂಬುದು. ಆದರೆ ಯಾವ ಅರ್ಧ ಯಾವಾಗ ನಿಜವಾಗುತ್ತದೆ ಎಂಬುದು ಕೊಳ್ಳಲು ಬರುವವರು ಯಾರು ಎಂಬುದರ ಮೇಲೆ ನಿಂತಿದೆ.

ಮೊದಲು ಬಂದವರು ಕಟ್ಟಡ ನಿರ್ಮಾಣದ ಗುತ್ತಿಗೆದಾರರೊಬ್ಬರು. ಅವರು ಮನೆಯ ಒಳಗೇ ಬರಲಿಲ್ಲ. ರಸ್ತೆಯಲ್ಲಿ ನಿಂತು ನಿವೇಶನದ ಅಗಲವನ್ನು ಹೆಜ್ಜೆಯಿಂದ ಅಳೆದು, ಅಕ್ಕಪಕ್ಕದ ಕಟ್ಟಡಗಳು ಎಷ್ಟು ಮಹಡಿ ಎದ್ದಿವೆ ಎಂದು ತಲೆಯೆತ್ತಿ ನೋಡಿ, ಅಲ್ಲೇ ಬೆಲೆ ಹೇಳಿದರು. ಮೊದಲ ಮಹಡಿಗೆ ನಕ್ಷೆಯ ಮಂಜೂರಾತಿ ಇದ್ದಂತಿಲ್ಲ ಎಂದು ನಾನು ಪ್ರಾಮಾಣಿಕವಾಗಿ ಹೇಳಿದಾಗ ಅವರು ನಕ್ಕು, ‘ಮೇಷ್ಟ್ರೇ, ನಾನು ಕೊಳ್ಳೋದು ನೆಲ. ಮನೆ ಹೇಗಿದ್ದರೇನು, ಜೆಸಿಬಿಗೆ ಅದು ಒಂದು ದಿನದ ಕೆಲಸ’ ಎಂದರು. ನಮ್ಮ ನಾಲ್ಕು ದಶಕಗಳ ಮನೆಯ ಬೆಲೆ ಅವರ ಲೆಕ್ಕದಲ್ಲಿ ಸೊನ್ನೆ. ನಿಜ ಹೇಳಬೇಕೆಂದರೆ ಸೊನ್ನೆಗಿಂತಲೂ ಕಡಿಮೆ, ಏಕೆಂದರೆ ಕೆಡವುವ ಖರ್ಚನ್ನೂ ಅವರು ಬೆಲೆಯಲ್ಲಿ ಕಳೆದಿದ್ದರು. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಬಹುಪಾಲು ಮನೆಗಳು ಹೀಗೇ ಮಾರಾಟವಾಗುತ್ತವೆ. ಕೆಡವಲಿರುವ ಮನೆ ಯಾವ ನಿಯಮಕ್ಕೆ ಹೊಂದುತ್ತದೆ ಎಂದು ಕೇಳುವ ಅಗತ್ಯ ಯಾರಿಗೂ ಬೀಳುವುದಿಲ್ಲ, ಆದ್ದರಿಂದಲೇ ‘ಯಾರೂ ಕೇಳುವುದಿಲ್ಲ’ ಎಂಬ ದಲ್ಲಾಳಿಯ ಅನುಭವ ಸುಳ್ಳೇನಲ್ಲ.

ಅದಾದ ಎರಡು ವಾರಕ್ಕೆ ಬಂದ ದಂಪತಿ ಬೇರೆಯೇ ಬಗೆಯವರು. ಇಬ್ಬರೂ ಸಂಬಳದ ಕೆಲಸದಲ್ಲಿದ್ದು, ಒಂದು ಮಗುವಿನೊಂದಿಗೆ ಬಾಡಿಗೆ ಮನೆಯಲ್ಲಿದ್ದರು. ಕೆಂಪು ಗಾರೆಯ ನೆಲವನ್ನು ಕೈಯಿಂದ ಮುಟ್ಟಿ ನೋಡಿದರು, ನಲ್ಲಿ ತಿರುಗಿಸಿದರು, ತಾರಸಿಗೆ ಹೋಗಿ ನೀರು ನಿಲ್ಲುವ ಜಾಗವನ್ನು ಗುರುತು ಹಾಕಿಕೊಂಡರು. ಅವರಿಗೆ ಮನೆಯೇ ಬೇಕಿತ್ತು, ಅದರಲ್ಲಿ ವಾಸವೇ ಮಾಡಬೇಕಿತ್ತು, ಮತ್ತು ಅದಕ್ಕೆ ಬ್ಯಾಂಕಿನ ಸಾಲವೂ ಬೇಕಿತ್ತು. ಅವರು ಕೊಡುತ್ತೇವೆಂದ ಬೆಲೆ ಗುತ್ತಿಗೆದಾರರದಕ್ಕಿಂತ ಸ್ವಲ್ಪ ಹೆಚ್ಚೇ ಇತ್ತು. ಗುತ್ತಿಗೆದಾರರು ಹಣವನ್ನು ವರ್ಷದುದ್ದಕ್ಕೂ ಕಂತಿನಲ್ಲಿ ಕೊಡುವ ಮಾತಾಡಿದ್ದರಿಂದ ಅಕ್ಕನೂ ತಮ್ಮನೂ ಈ ದಂಪತಿಯ ಕಡೆ ವಾಲಿದರು. ಮನೆ ಉಳಿಯುತ್ತದೆ ಎಂಬ ಆಸೆಯೂ ಒಳಗೊಳಗೆ ಇತ್ತೆಂಬುದನ್ನು ಅಲ್ಲಗಳೆಯುವುದಿಲ್ಲ. ಆದರೆ ಪ್ರಶ್ನೆಗಳು ಶುರುವಾದದ್ದು ಅವರಿಂದಲೇ.

ಅವರು ಕೇಳಿದ ಮೊದಲ ಕಾಗದ ಮಂಜೂರಾದ ನಕ್ಷೆ. ಅಪ್ಪನ ಟ್ರಂಕನ್ನು ಬಿಚ್ಚಿ ಕುಳಿತೆ. 1971ರಲ್ಲಿ ಮೂಲ ಹಂಚಿಕೆದಾರರಿಂದ ನಿವೇಶನ ಕೊಂಡ ಕ್ರಯಪತ್ರ, ಅದಕ್ಕೂ ಹಿಂದಿನ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿಯ, ಅಂದರೆ ಇಂದಿನ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ 1976ರಲ್ಲಿ ಹುಟ್ಟುವ ಮೊದಲು ನಿವೇಶನ ಹಂಚುತ್ತಿದ್ದ ಸಂಸ್ಥೆಯ, ಹಂಚಿಕೆ ಪತ್ರ, ಮತ್ತು ನಾಲ್ಕು ಮಡಿಕೆಯಾಗಿ ಅಂಚು ಸವೆದ ನೀಲಿ ನಕ್ಷೆ ಸಿಕ್ಕಿದವು. ನಕ್ಷೆಯಲ್ಲಿ ಪಾಲಿಕೆಯ ಮೊಹರು ಮಸುಕಾಗಿದ್ದರೂ ಸಂಖ್ಯೆ ಮತ್ತು 1977ನೆಯ ಇಸವಿ ಓದಲು ಬರುತ್ತಿದ್ದವು. ಎಡಗಡೆ 3 ಅಡಿ, ಬಲಗಡೆ 5 ಅಡಿ ಖಾಲಿ ಬಿಟ್ಟು, 22 ಅಡಿ ಅಗಲ 31 ಅಡಿ ಉದ್ದದ, ಒಟ್ಟು 682 ಚದರಡಿಯ ನೆಲಮಹಡಿ ಅದರಲ್ಲಿತ್ತು. ಮೊದಲ ಮಹಡಿಯ ನಕ್ಷೆ ಟ್ರಂಕಿನಲ್ಲಿ ಇರಲಿಲ್ಲ, ಏಕೆಂದರೆ ಅಂಥದೊಂದು ನಕ್ಷೆಯೇ ಇರಲಿಲ್ಲ. 1991ರಲ್ಲಿ ಮೇಸ್ತ್ರಿ ‘ಮೇಲಕ್ಕೆ ತಾನೇ ಸ್ವಾಮಿ ಏರಿಸೋದು, ಪಕ್ಕಕ್ಕಲ್ಲವಲ್ಲ’ ಎಂದದ್ದು, ಅಪ್ಪ ಅದನ್ನು ಒಪ್ಪಿಕೊಂಡದ್ದು, ಇಂಗು ತೆಂಗು ಎಲ್ಲಕ್ಕೂ ಲೆಕ್ಕ ಬರೆಯುತ್ತಿದ್ದ ಮನುಷ್ಯ ಈ ಒಂದು ವಿಷಯದಲ್ಲಿ ಮಾತ್ರ ಉದಾರವಾದದ್ದು ನನಗೆ ಚೆನ್ನಾಗಿ ನೆನಪಿದೆ. ಅದೇ ಸಮಯದಲ್ಲಿ ಬಲಗಡೆಯ ಖಾಲಿ ಜಾಗದ ಹಿಂಬದಿಯಲ್ಲಿ 5 ಅಡಿಗೆ 9 ಅಡಿಯ ಬಚ್ಚಲೊಂದು ಎದ್ದಿತು, ಅದರ ಪಕ್ಕದಲ್ಲೇ ಹೊರಗಿನ ಮೆಟ್ಟಿಲೂ ಬಂತು.

ಇಷ್ಟನ್ನು ಹೊತ್ತುಕೊಂಡು ಪರಿಚಯದ ವಕೀಲರೊಬ್ಬರ ಬಳಿ ಹೋದೆ. ಮನೆಯನ್ನು ಈಗಿನ ನಿಯಮಕ್ಕೆ ಹೊಂದಿಸಿಯೇ ಮಾರಬೇಕೇ ಎಂದು ಕೇಳಿದ್ದಕ್ಕೆ ಅವರು, ನೀವು ಕೇಳುತ್ತಿರುವುದು ಒಂದು ಪ್ರಶ್ನೆಯಲ್ಲ, ಮೂರು ಎಂದರು. ಕಟ್ಟಡ ಉಪವಿಧಿಗಳು ಬದಲಾದಾಗಲೆಲ್ಲ ಊರಿನ ಹಳೆಯ ಮನೆಗಳೆಲ್ಲ ಬದಲಾಗಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. 1977ರಲ್ಲಿ ಮಂಜೂರಾದ ಮನೆಯನ್ನು 2003ರ ಉಪವಿಧಿಗಳ ಅಳತೆಗೋಲಿನಿಂದ ಅಳೆಯುವಂತಿಲ್ಲ. ಆದರೆ ಆ ಮನೆ 1977ರ ತನ್ನದೇ ನಕ್ಷೆಗೆ ತಕ್ಕಂತಿದೆಯೇ ಎಂಬುದು ಎರಡನೆಯ ಪ್ರಶ್ನೆ, ಇದರಿಂದ ವಯಸ್ಸು ನಮ್ಮನ್ನು ಕಾಪಾಡುವುದಿಲ್ಲ. ಮಂಜೂರಾತಿಯಿಲ್ಲದೆ ಏರಿಸಿದ ಮಹಡಿ 33 ವರ್ಷ ನಿಂತಿದೆ ಎಂದ ಮಾತ್ರಕ್ಕೆ ಅದು ಮಂಜೂರಾದ ಮಹಡಿಯಾಗುವುದಿಲ್ಲ. ಮೂರನೆಯದು, ಇವೆರಡನ್ನೂ ಮಾರಾಟದ ಹೊತ್ತಿನಲ್ಲಿ ತಡೆದು ಕೇಳುವ ಅಧಿಕಾರ ಯಾರಿಗಿದೆ ಎಂಬುದು. ಇದಕ್ಕೆ ಅವರು ಕೊಟ್ಟ ಉತ್ತರ ಚಿಕ್ಕದು: ‘ಉಪನೋಂದಣಾಧಿಕಾರಿ ನೋಡುವುದು ಪತ್ರವನ್ನು, ಮನೆಯನ್ನಲ್ಲ.’

ಮೊದಲ ಮಹಡಿಗೂ 1992ರಿಂದ ತಪ್ಪದೆ ಕಂದಾಯ ಕಟ್ಟಿದ್ದೇವಲ್ಲ ಎಂದು ನಾನು ರಸೀದಿಗಳ ಕಟ್ಟನ್ನು ಮುಂದಿಟ್ಟೆ. ಅದು ನನ್ನ ದೊಡ್ಡ ಅಸ್ತ್ರವೆಂದು ಭಾವಿಸಿದ್ದೆ. ತೆರಿಗೆ ಇರುವ ಕಟ್ಟಡದ ಮೇಲೆ ಬೀಳುತ್ತದೆಯೇ ಹೊರತು ಇರಬೇಕಾದ ಕಟ್ಟಡದ ಮೇಲಲ್ಲ, ಅನಧಿಕೃತ ಭಾಗಕ್ಕೆ ತೆರಿಗೆ ಕಟ್ಟಿಸಿಕೊಂಡದ್ದರಿಂದ ಅದು ಸಕ್ರಮವಾಗುವುದಿಲ್ಲ ಎಂದು ಅವರು ಕಟ್ಟನ್ನು ನಯವಾಗಿ ನನ್ನ ಕಡೆಗೇ ಸರಿಸಿದರು. ಅಕ್ರಮ–ಸಕ್ರಮದ ಹಾದಿ ಇದೆಯಲ್ಲ ಎಂಬ ನನ್ನ ಮುಂದಿನ ಆಸೆಯೂ ನಿಲ್ಲಲಿಲ್ಲ. ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮಕ್ಕೆ ತಿದ್ದುಪಡಿ ತಂದು ವಾಸದ ಕಟ್ಟಡಗಳಲ್ಲಿ ಶೇ 50ರವರೆಗಿನ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸುವ ಆ ಯೋಜನೆಯನ್ನು ಹೈಕೋರ್ಟು 2016ರ ಡಿಸೆಂಬರಿನಲ್ಲಿ ಎತ್ತಿಹಿಡಿದಿತ್ತು, ಆದರೆ ಮರು ತಿಂಗಳೇ ಸುಪ್ರೀಂ ಕೋರ್ಟು ತಡೆ ಕೊಟ್ಟಿತ್ತು. ಅಮ್ಮ ಬದುಕಿದ್ದಾಗ ಈ ಯೋಜನೆಯ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಓದಿ ‘ಆಗಲಿ ನೋಡೋಣ’ ಎಂದು ಮಡಚಿಡುತ್ತಿದ್ದದ್ದು ನೆನಪಾಯಿತು.

ವಕೀಲರು ನನಗೆ ಒತ್ತಿ ಹೇಳಿದ ಮತ್ತೊಂದು ಮಾತು ನಾನು ನಿರೀಕ್ಷಿಸದಿದ್ದದ್ದು. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೇ ಪ್ರಕರಣದಂತೆ, ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಲಾರದ, ಆದರೆ ಮಾರುವವನಿಗೆ ಗೊತ್ತಿರುವ ಮುಖ್ಯ ದೋಷವನ್ನು ಮಾರುವವನೇ ತಿಳಿಸಬೇಕು. ಮನೆಯನ್ನು ಸರಿಪಡಿಸಿ ಮಾರು ಎಂದು ಕಾನೂನು ನನಗೆ ಹೇಳುತ್ತಿರಲಿಲ್ಲ; ಬಚ್ಚಿಟ್ಟು ಮಾರಬೇಡ ಎಂದು ಹೇಳುತ್ತಿತ್ತು. ಆದ್ದರಿಂದ ಕರಾರಿನಲ್ಲೇ, ನೆಲಮಹಡಿಗೆ ಇಂಥ ಸಂಖ್ಯೆಯ ಮಂಜೂರಾತಿ ಇದೆ, ಮೊದಲ ಮಹಡಿಗೂ ಬಚ್ಚಲಿಗೂ ಇಲ್ಲ, ಕಟ್ಟಡ ಮುಗಿದ ಮೇಲೆ ಪಡೆಯಬೇಕಾದ ಸ್ವಾಧೀನಾನುಭವ ಪತ್ರವನ್ನು ಪಡೆದಿಲ್ಲ ಎಂದು ಸ್ಪಷ್ಟವಾಗಿ ಬರೆಸಲು ಸಲಹೆ ಕೊಟ್ಟರು. ದಲ್ಲಾಳಿಗೆ ಇದು ಹುಚ್ಚಾಟವೆನಿಸಿತು. ನಿಮ್ಮ ಕೈಯಾರೆ ನಿಮ್ಮ ಬೆಲೆ ಇಳಿಸಿಕೊಳ್ಳುತ್ತಿದ್ದೀರಿ ಎಂದು ಒಂದು ಸಂಜೆ ಪೂರ್ತಿ ಫೋನಿನಲ್ಲಿ ವಾದ ಮಾಡಿದ. ಬರೆಸಿದೆವು.

ದಂಪತಿ ಮುಂಗಡ ಕೊಡುವ ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಂದ ಮನೆಯನ್ನು ಪರೀಕ್ಷೆ ಮಾಡಿಸಬೇಕೆಂದರು. ಬಂದವರು ಕಾಲೇಜಿನಲ್ಲಿ ನನ್ನ ಬಳಿ ಭೌತಶಾಸ್ತ್ರ ಕಲಿತಿದ್ದವರೇ ಆಗಿದ್ದರು. ಆ ಕಾರಣಕ್ಕೆ ನನಗೆ ಯಾವ ರಿಯಾಯಿತಿಯನ್ನೂ ತೋರಿಸಲಿಲ್ಲವೆಂಬುದು ನನಗೆ ಹೆಮ್ಮೆಯ ವಿಷಯ. ಅರ್ಧ ದಿನ ಮನೆಯನ್ನು ಜಾಲಾಡಿದರು. ಸೈಜುಗಲ್ಲಿನ ಪಾಯ, ಒಂಬತ್ತು ಇಂಚಿನ ಇಟ್ಟಿಗೆ ಗೋಡೆಗಳ ಮೇಲೆ ನೇರವಾಗಿ ಕೂತ ಆರ್‌ಸಿಸಿ ತಾರಸಿ, ಕಂಬಗಳಿಲ್ಲ. ಗೋಡೆಗಳ ಬಗ್ಗೆ ಅವರಿಗೆ ದೂರಿರಲಿಲ್ಲ. ಸಜ್ಜಾಗಳ ಕೆಳಗೆ ಕಾಂಕ್ರೀಟು ಹಕ್ಕಳೆ ಎದ್ದು ತುಕ್ಕು ಹಿಡಿದ ಕಂಬಿ ಕಾಣುತ್ತಿದ್ದ ಎರಡು ಕಡೆ, ಮತ್ತು ಬಚ್ಚಲಿನ ಮೇಲ್ಭಾಗದ ತಾರಸಿಯಲ್ಲಿ ಸುತ್ತಿಗೆಯಿಂದ ತಟ್ಟಿದಾಗ ಟೊಳ್ಳು ಸದ್ದು ಬಂದ ಒಂದು ಕಡೆ, ಸೀಮೆಸುಣ್ಣದಿಂದ ವೃತ್ತ ಬರೆದರು.

ಈಗಿನ ಸಂಹಿತೆಗಳ ಪ್ರಕಾರ ಈ ಮನೆ ಪಾಸಾಗುತ್ತದೆಯೇ ಎಂದು ನಾನು ಕುತೂಹಲಕ್ಕೆ ಕೇಳಿದೆ. ‘ಆಗೋದಿಲ್ಲ ಸಾರ್, ಆಗಬೇಕಾಗಿಯೂ ಇಲ್ಲ’ ಎಂದರು. ಆರ್‌ಸಿಸಿ ಕೆಲಸಕ್ಕೆ ಭಾರತೀಯ ಮಾನಕ 456ರ 2000ನೇ ಇಸವಿಯ ಆವೃತ್ತಿ ಎಂ20ಕ್ಕಿಂತ ಕಡಿಮೆ ದರ್ಜೆಯ ಕಾಂಕ್ರೀಟನ್ನು ಒಪ್ಪುವುದಿಲ್ಲ. ಅದಕ್ಕೂ ಮೊದಲು ಎಂ15 ಸಾಕಾಗಿತ್ತು, ನಮ್ಮ ತಾರಸಿ ಆ ಕಾಲದ್ದು. 1893ನೇ ಸಂಖ್ಯೆಯ ಭೂಕಂಪದ ಮಾನಕ 2001ರ ಭುಜ್ ಭೂಕಂಪದ ಮರುವರ್ಷ ಪರಿಷ್ಕೃತವಾಯಿತು, 2016ರಲ್ಲಿ ಮತ್ತೊಮ್ಮೆ ಆಯಿತು. ರಾಷ್ಟ್ರೀಯ ಕಟ್ಟಡ ಸಂಹಿತೆಯೂ 1970ರಿಂದ 2016ರವರೆಗೆ ಹಲವು ಸಲ ಬದಲಾಯಿತು. ಇವೆಲ್ಲ ಹೊಸದಾಗಿ ಕಟ್ಟುವವನಿಗೆ, ಇರುವುದಕ್ಕೆ ಸೇರಿಸುವವನಿಗೆ ಅನ್ವಯಿಸುತ್ತವೆ. ಕೊಳ್ಳುವವರು ಮುಂದೊಂದು ದಿನ ಎರಡನೆಯ ಮಹಡಿ ಏರಿಸುವ ಯೋಚನೆಯಲ್ಲಿದ್ದುದರಿಂದ ಅವರಿಗೆ ಎಂಜಿನಿಯರ್ ಹೇಳಿದ ಮಾತನ್ನು ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆ: ‘ಮುಟ್ಟದಿದ್ದರೆ ಇದು ಹಳೇ ಮನೆ, ಮುಟ್ಟಿದಿರೋ ಹೊಸ ಮನೆ.’ ಹೊಸ ಮಹಡಿಗೆ ಮಂಜೂರಾತಿ ಕೇಳಲು ಹೋದ ದಿನ, ಕೆಳಗಿನ ಮಹಡಿಗೆ ನಕ್ಷೆ ಎಲ್ಲಿ, ಸೆಟ್‌ಬ್ಯಾಕಿನಲ್ಲಿ, ಅಂದರೆ ಮನೆಯ ಸುತ್ತ ಖಾಲಿ ಬಿಡಬೇಕಾದ ಜಾಗದಲ್ಲಿ, ಬಚ್ಚಲು ಏಕೆ, ಕಾರು ನಿಲ್ಲಿಸುವ ಜಾಗ ಎಲ್ಲಿ ಎಂಬ ಪ್ರಶ್ನೆಗಳು ಒಟ್ಟಿಗೇ ಬರುತ್ತವೆ. ಕಟ್ಟುವಾಗ ಆಗಿಬಿಡುವ ಶೇ 5ರೊಳಗಿನ ವ್ಯತ್ಯಾಸವನ್ನು ಶುಲ್ಕ ಕಟ್ಟಿಸಿಕೊಂಡು ಒಪ್ಪಲು 2003ರ ಉಪವಿಧಿಗಳಲ್ಲಿ ಅವಕಾಶವಿತ್ತಾದರೂ, 45 ಚದರಡಿಯ ಆ ಬಚ್ಚಲೊಂದೇ ನೆಲಮಹಡಿಯ ಶೇ 6ನ್ನು ದಾಟುತ್ತಿತ್ತು, ಅದರ ಮೇಲೆ ಇಡೀ ಒಂದು ಮಹಡಿ ಲೆಕ್ಕಕ್ಕೇ ಇರಲಿಲ್ಲ.

ಹಳೆಯ ಮನೆಗಳನ್ನು ಹೊಸ ನಿಯಮ ಮುಟ್ಟುವುದೇ ಇಲ್ಲ ಎಂದು ನಾನು ನಿರಾಳವಾಗುವ ಹೊತ್ತಿಗೆ ಎಂಜಿನಿಯರೇ ಒಂದು ಅಪವಾದವನ್ನೂ ತೋರಿಸಿದರು. ಬೆಂಗಳೂರು ಜಲಮಂಡಳಿಯ ಅಧಿನಿಯಮಕ್ಕೆ 2009ರಲ್ಲಿ ಬಂದ ತಿದ್ದುಪಡಿ, 2,400 ಚದರಡಿ ಮತ್ತು ಅದಕ್ಕೂ ದೊಡ್ಡ ನಿವೇಶನದಲ್ಲಿರುವ ಮನೆಗಳಿಗೆ, ಅವು ಎಷ್ಟೇ ಹಳೆಯವಾಗಿರಲಿ, ಮಳೆನೀರು ಸಂಗ್ರಹವನ್ನು ಕಡ್ಡಾಯ ಮಾಡಿತು. ಹೊಸ ಮನೆಯಾದರೆ 1,200 ಚದರಡಿಯ ನಿವೇಶನಕ್ಕೇ ಕಡ್ಡಾಯ. ಮಾಡದಿದ್ದರೆ ದಂಡ ನೀರಿನ ಬಿಲ್ಲಿನಲ್ಲೇ ಸೇರಿ ಬರುತ್ತದೆ. ನಮ್ಮದು 1,200 ಚದರಡಿಯ ಹಳೆಯ ಮನೆಯಾದ್ದರಿಂದ ತಪ್ಪಿಸಿಕೊಂಡೆವು. ಅದೇ ಬಡಾವಣೆಯ ನಲವತ್ತು ಅರವತ್ತರ ನಿವೇಶನವಾಗಿದ್ದರೆ, ಮಾರಲಿ ಬಿಡಲಿ, 1950ರ ಮನೆಯೂ ತಾರಸಿಯ ನೀರನ್ನು ಸಂಪಿಗೋ ಇಂಗುಗುಂಡಿಗೋ ಇಳಿಸಲೇಬೇಕಿತ್ತು. ಹಿಂದಿನದಕ್ಕೂ ಅನ್ವಯ ಎಂದು ಬಾಯಿಬಿಟ್ಟು ಹೇಳಿದ ನಿಯಮ ಮಾತ್ರ ಹಿಂದಕ್ಕೆ ಕೈಚಾಚುತ್ತದೆ ಎಂಬುದು ಈ ಒಂದು ಉದಾಹರಣೆಯಿಂದ ನನಗೆ ಚೆನ್ನಾಗಿ ಅರ್ಥವಾಯಿತು.

ಈ ನಡುವೆ ನ್ಯೂಜೆರ್ಸಿಯಲ್ಲಿರುವ ಅಕ್ಕನ ಮಗ ಫೋನು ಮಾಡಿದಾಗ, ತಾನು ಅಲ್ಲಿ ಮನೆ ಮಾರಿದ ಸಮಾಚಾರ ಹೇಳಿದ. ಅಲ್ಲಿಯೂ ಹಳೆಯ ಮನೆಯನ್ನು ಇಂದಿನ ಸಂಹಿತೆಗೆ ತಂದು ನಿಲ್ಲಿಸುವ ಹಂಗಿಲ್ಲವಂತೆ. ಆದರೆ ಹೊಗೆ ಪತ್ತೆಯ ಅಲಾರಂ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಮತ್ತು ಅಡುಗೆಮನೆಯ ಹತ್ತಿರ ಬೆಂಕಿ ಆರಿಸುವ ಸಾಧನ ಇವೆಯೆಂದು ತಪಾಸಣೆಯ ಪ್ರಮಾಣಪತ್ರ ಪಡೆಯದೆ ಮನೆ ಕೈಬದಲಾಗುವಂತಿಲ್ಲ. 1978ಕ್ಕಿಂತ ಹಿಂದೆ ಕಟ್ಟಿದ ಮನೆಯಾದರೆ ಸೀಸದ ಬಣ್ಣದ ಬಗ್ಗೆ ಗೊತ್ತಿರುವುದನ್ನು ಬರೆದುಕೊಡಬೇಕು. ಆ ಇಸವಿ ಕೇಳಿ ಅಕ್ಕ ನಕ್ಕಳು, ನಮ್ಮ ಮನೆ ಕೂದಲೆಳೆಯಲ್ಲಿ ಪಾರಾಯಿತಲ್ಲ ಎಂದಳು. ಮಾರಾಟದ ಕ್ಷಣವನ್ನೇ ಹಿಡಿದು ಎರಡು ಮೂರು ಜೀವರಕ್ಷಕ ವಸ್ತುಗಳನ್ನಷ್ಟೇ ಕೇಳುವ ಆ ಪದ್ಧತಿ ನನಗೆ ಬುದ್ಧಿವಂತಿಕೆಯದಾಗಿ ಕಂಡಿತು. ನಮ್ಮಲ್ಲಿ ಯಾರೂ ಕೇಳದಿದ್ದರೂ ಒಂದು ಕೆಲಸವನ್ನು ನಾನೇ ಮಾಡಿಸಿದೆ. ಮರದ ಪಟ್ಟಿಯ ಮೇಲೆ ಓಡಿದ್ದ ಹಳೆಯ ವೈರು, ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸು, ಒಣಗಿ ನಿಷ್ಪ್ರಯೋಜಕವಾಗಿದ್ದ ಅರ್ಥಿಂಗ್ ಗುಂಡಿ ಇವನ್ನು ತೆಗೆಸಿ, ಹೊಸ ವೈರಿಂಗ್ ಮಾಡಿಸಿ, ಮೀಟರಿನ ಪಕ್ಕ ವಿದ್ಯುತ್ ಸೋರಿದರೆ ತಾನೇ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕೂರಿಸಿದೆ. ಸೀಮೆಸುಣ್ಣದ ಮೂರು ವೃತ್ತಗಳ ರಿಪೇರಿಯ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಟ್ಟೆವು.

ಡಿಸೆಂಬರಿನ ಮೊದಲ ವಾರ ಕರಾರಾಯಿತು. ಇನ್ನು ಮೂರು ತಿಂಗಳಲ್ಲಿ ಎಲ್ಲ ಮುಗಿಯಿತೆಂದುಕೊಂಡಿದ್ದೆವು. ಆದರೆ 2024ರ ಡಿಸೆಂಬರ್ 17ರಂದು, ಮೀರತ್‌ನ ವಾಸದ ನಿವೇಶನವೊಂದರಲ್ಲಿ ಎದ್ದ ಅಂಗಡಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಅನಧಿಕೃತ ಕಟ್ಟಡ ಹಳೆಯದಾಯಿತೆಂದೋ ಅಧಿಕಾರಿಗಳು ಸುಮ್ಮನಿದ್ದರೆಂದೋ ಸಕ್ರಮವಾಗುವುದಿಲ್ಲ ಎಂದು ಹೇಳಿ, ಇಡೀ ದೇಶಕ್ಕೆ ಅನ್ವಯಿಸುವ ನಿರ್ದೇಶನಗಳನ್ನೂ ಕೊಟ್ಟಿತು. ಅದರಲ್ಲೊಂದು, ಬ್ಯಾಂಕುಗಳು ಕಟ್ಟಡವನ್ನು ಆಧಾರವಾಗಿಟ್ಟುಕೊಂಡು ಸಾಲ ಕೊಡುವ ಮೊದಲು ಅದರ ಪೂರ್ಣತಾ ಅಥವಾ ಸ್ವಾಧೀನಾನುಭವ ಪತ್ರವನ್ನು ಪರಿಶೀಲಿಸಬೇಕು ಎಂಬುದು. ದಂಪತಿ ಅರ್ಜಿ ಹಾಕಿದ್ದ ಬ್ಯಾಂಕು ಜನವರಿಯಲ್ಲಿ ಆ ಪತ್ರವನ್ನು ಕೇಳಿತು.

46 ವರ್ಷದ ಹಿಂದೆ ತೆಗೆದುಕೊಳ್ಳದ ಪತ್ರವನ್ನು ಈಗ ಎಲ್ಲಿಂದ ತರುವುದು? ಕಟ್ಟಡ ಮುಗಿದ ಒಂದು ತಿಂಗಳೊಳಗೆ ತಿಳಿವಳಿಕೆ ಕೊಟ್ಟು ವಾಸಕ್ಕೆ ಅನುಮತಿ ಪಡೆಯಬೇಕೆಂದು 1976ರ ಪೌರನಿಗಮಗಳ ಅಧಿನಿಯಮದ 310ನೇ ಪ್ರಕರಣ ಹೇಳುತ್ತದೆ. ಅಪ್ಪ ಗೃಹಪ್ರವೇಶಕ್ಕೆ ಪುರೋಹಿತರಿಂದ ಮುಹೂರ್ತ ಪಡೆದದ್ದು ನಿಜ, ಪಾಲಿಕೆಯಿಂದ ಅನುಮತಿ ಪಡೆಯಬೇಕೆಂಬುದು ನಮ್ಮ ಬೀದಿಯಲ್ಲಿ ಯಾರ ತಲೆಯಲ್ಲೂ ಇರಲಿಲ್ಲ. ಈಗ ಅರ್ಜಿ ಹಾಕಿದರೆ ಕಟ್ಟಡ ನಕ್ಷೆಯಂತಿರಬೇಕು. ನಕ್ಷೆಯಂತಿರಬೇಕೆಂದರೆ ಬಚ್ಚಲನ್ನೂ ಮೊದಲ ಮಹಡಿಯನ್ನೂ ಕೆಡವಬೇಕು. ತಮ್ಮ ಒಂದು ರಾತ್ರಿ, ಮಹಡಿಯನ್ನು ಕೆಡವಿಯೇ ಬಿಡೋಣವೇ ಎಂದು ನಿಜವಾಗಿ ಕೇಳಿದ. ನೆಲಮಹಡಿಯ ತಾರಸಿಗೆ ಪೆಟ್ಟಾಗದಂತೆ ಮೇಲಿನದನ್ನು ಬಿಡಿಸುವ ಖರ್ಚನ್ನು ಎಂಜಿನಿಯರ್ ಹೇಳಿದ ಮೇಲೆ ಆ ಮಾತು ಮತ್ತೆ ಬರಲಿಲ್ಲ. ಗುತ್ತಿಗೆದಾರರು ಅದೇ ವಾರ, ಗಾಳಿಸುದ್ದಿ ಹಿಡಿದವರಂತೆ, ಇನ್ನೊಮ್ಮೆ ಫೋನು ಮಾಡಿದರು. ಇಡೀ ಮನೆಯನ್ನು ಕೆಡವುವವನಿಗೆ ಯಾವ ಕಾಗದವೂ ಬೇಡ, ಉಳಿಸಿಕೊಳ್ಳುವವನಿಗೆ ಮಾತ್ರ ಎಲ್ಲ ಕಾಗದವೂ ಬೇಕು ಎಂಬ ವಿಪರ್ಯಾಸವನ್ನು ನಾನು ಆ ದಿನಗಳಲ್ಲಿ ಎಷ್ಟು ಜನರಿಗೆ ಹೇಳಿಕೊಂಡೆನೋ ಲೆಕ್ಕವಿಲ್ಲ.

ಮೊದಲ ಬ್ಯಾಂಕು ಸಾಲವನ್ನು ನಿರಾಕರಿಸಿತು. ಅದನ್ನು ದೂರುವಂತೆಯೂ ಇರಲಿಲ್ಲ. ಫೆಬ್ರವರಿಯಲ್ಲಿ ದಂಪತಿ ಎರಡನೆಯ ಬ್ಯಾಂಕಿಗೆ ಹೋದರು. ಅಲ್ಲಿಯ ವಕೀಲರು ಮೂಲ ಹಂಚಿಕೆಯಿಂದ ಇಲ್ಲಿಯವರೆಗಿನ ಪತ್ರಗಳ ಸರಪಳಿಯನ್ನೂ, 30 ವರ್ಷದ ಇ.ಸಿ.ಯನ್ನೂ, ಅಂದರೆ ಋಣಭಾರ ಪ್ರಮಾಣಪತ್ರವನ್ನೂ, ನೋಡಿದರು; 2004ರ ಏಪ್ರಿಲಿನಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲೇ ಸಿಕ್ಕಿತು, ಹಿಂದಿನದಕ್ಕೆ ಕಚೇರಿಗೆ ಅರ್ಜಿ ಹಾಕಿದೆವು. ಆಮೇಲೆ ಬ್ಯಾಂಕಿನ ಮೌಲ್ಯಮಾಪಕರು ಟೇಪು ಹಿಡಿದು ಬಂದರು. ಅವರ ವರದಿಯನ್ನು ನಾನು ಎರಡು ಸಲ ಓದಿದೆ, ಏಕೆಂದರೆ ನಮ್ಮ ಮನೆಯ ಬಗ್ಗೆ ಅಷ್ಟು ನಿರ್ದಾಕ್ಷಿಣ್ಯವಾಗಿ ಯಾರೂ ಬರೆದಿರಲಿಲ್ಲ. ನೆಲಮಹಡಿ ನಕ್ಷೆಗೆ ಬಹುಮಟ್ಟಿಗೆ ಹೊಂದುತ್ತದೆ. ಬಚ್ಚಲು ಮತ್ತು ಹೊರಮೆಟ್ಟಿಲು ಸೆಟ್‌ಬ್ಯಾಕಿನಲ್ಲಿವೆ. ಮೊದಲ ಮಹಡಿಗೆ ಮಂಜೂರಾತಿ ಇಲ್ಲವಾದ್ದರಿಂದ ಮೌಲ್ಯಕ್ಕೆ ಪರಿಗಣಿಸಿಲ್ಲ. ಕಟ್ಟಡದ ಉಳಿದ ಆಯುಸ್ಸು 20 ವರ್ಷ. ಈ ಕೊನೆಯ ಸಾಲಿನ ಮಹತ್ವ ನನಗೆ ಮೊದಲು ಹೊಳೆಯಲಿಲ್ಲ. ಸಾಲ ತೀರುವ ಮೊದಲು ಮನೆಯ ಆಯುಸ್ಸು ತೀರಬಾರದೆಂಬುದು ಬ್ಯಾಂಕಿನ ಲೆಕ್ಕ. ದಂಪತಿ 20 ವರ್ಷದ ಸಾಲ ಕೇಳಿದ್ದರು, ಬ್ಯಾಂಕು 15 ವರ್ಷಕ್ಕೆ ಒಪ್ಪಿತು, ತಿಂಗಳ ಕಂತು ಏರಿತು.

ಸ್ವಾಧೀನಾನುಭವ ಪತ್ರದ ವಿಷಯದಲ್ಲಿ ಆ ಬ್ಯಾಂಕಿನ ಕಾನೂನು ವಿಭಾಗ ತಿಂಗಳಿಡೀ ಯೋಚಿಸಿತು. ಕೊನೆಗೆ ನೆಲದ ಬೆಲೆ ಮತ್ತು ಮಂಜೂರಾದ 682 ಚದರಡಿಯ ಬೆಲೆಯನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡು, ಉಳಿದದ್ದನ್ನು ಇಲ್ಲವೆಂದೇ ಭಾವಿಸಿ, ಸ್ಟ್ರಕ್ಚರಲ್ ಎಂಜಿನಿಯರ್ ವರದಿಯನ್ನೂ ಕೊಳ್ಳುವವರ ಮುಚ್ಚಳಿಕೆಯನ್ನೂ ಪಡೆದು ಸಾಲ ಕೊಡಲು ಮುಂದೆ ಬಂತು. ಕರಾರಿನಲ್ಲಿ ನಾವು ಎಲ್ಲವನ್ನೂ ಬರೆಸಿದ್ದದ್ದು ಇಲ್ಲಿ ಕೆಲಸಕ್ಕೆ ಬಂತು. ಮೌಲ್ಯಮಾಪಕರು ಕಂಡದ್ದಕ್ಕೂ ನಾವು ಹೇಳಿದ್ದಕ್ಕೂ ವ್ಯತ್ಯಾಸವಿಲ್ಲವೆಂದು ಆ ಬ್ಯಾಂಕಿನ ವಕೀಲರು ದಂಪತಿಗೆ ಹೇಳಿದರಂತೆ. 75 ಲಕ್ಷ ಮೀರಿದ ಗೃಹಸಾಲ ಆಸ್ತಿಯ ಮೌಲ್ಯದ ಶೇ 75ನ್ನು ದಾಟುವಂತಿಲ್ಲ ಎಂಬ ರಿಸರ್ವ್ ಬ್ಯಾಂಕಿನ ಮಿತಿಯೊಂದು ಇದೆ. ಮೌಲ್ಯವೇ ಕುಗ್ಗಿದ ಮೇಲೆ ಸಾಲವೂ ಕುಗ್ಗಿ, ದಂಪತಿಗೆ 14 ಲಕ್ಷ ಕಡಿಮೆ ಬಿತ್ತು. ನಾವು ಮೂವರು ಮಾತಾಡಿಕೊಂಡು 6 ಲಕ್ಷ ಇಳಿಸಿದೆವು, ಉಳಿದದ್ದನ್ನು ಹೊಂದಿಸಿಕೊಳ್ಳಲು ಎರಡು ತಿಂಗಳು ಗಡುವು ಕೊಟ್ಟೆವು. ಹೀಗೆ ಅಂತಿಮ ಬೆಲೆ ಗುತ್ತಿಗೆದಾರರು ಹೇಳಿದ್ದಕ್ಕೆ ಹೆಚ್ಚುಕಡಿಮೆ ಸಮನಾಯಿತು. 1991ರಲ್ಲಿ ಅಪ್ಪ ಉಳಿಸಿದ ಮಂಜೂರಾತಿಯ ಶುಲ್ಕ ಎಷ್ಟಿದ್ದಿರಬಹುದೆಂದು ತಮ್ಮ ಲೆಕ್ಕ ಹಾಕಲು ಹೊರಟ, ನಾನೇ ಬೇಡವೆಂದೆ.

ಇ-ಖಾತೆಯ, ಅಂದರೆ ಪಾಲಿಕೆಯ ಖಾತೆಯ ಡಿಜಿಟಲ್ ರೂಪದ, ಕೆಲಸ ಇದರ ಜೊತೆಯಲ್ಲೇ ನಡೆಯಿತು. 2024ರ ಕೊನೆಯ ಭಾಗದಿಂದ ಅದಿಲ್ಲದೆ ನೋಂದಣಿ ಆಗುವುದಿಲ್ಲ. ಎದುರುಮನೆಯವರು ಕೇಳಿಸಿಕೊಂಡು ಹೆದರಿದ್ದ ‘ಹೊಸ ನಿಯಮ’ ಬಹುಶಃ ಇದೇ ಇರಬೇಕು. ಕ್ರಯಪತ್ರ, ಕಂದಾಯದ ಸಂಖ್ಯೆ, ವಿದ್ಯುತ್ ಖಾತೆಯ ಸಂಖ್ಯೆ, ಆಧಾರ್, ಮನೆಯ ಮುಂಭಾಗದ ಚಿತ್ರ ಇಷ್ಟನ್ನು ಅದು ಕೇಳುತ್ತದೆ, ಗೋಡೆಯಿಂದ ಕಾಂಪೌಂಡಿಗೆ ಎಷ್ಟು ಅಡಿ ಎಂದು ಕೇಳುವುದಿಲ್ಲ. ಅಪ್ಪನ ಹೆಸರಿನ ಮೊದಲಕ್ಷರಗಳು ಒಂದು ಪತ್ರದಲ್ಲಿ ಒಂದು ಬಗೆ, ಇನ್ನೊಂದರಲ್ಲಿ ಇನ್ನೊಂದು ಬಗೆ ಇದ್ದದ್ದನ್ನು ಸರಿಪಡಿಸಲು, ವಂಶವೃಕ್ಷ ಮತ್ತು ಮರಣ ಪ್ರಮಾಣಪತ್ರಗಳ ಜೊತೆ ಅಫಿಡವಿಟ್ ಒಂದನ್ನು ಸಲ್ಲಿಸಬೇಕಾಯಿತು. ಅದು ನಮ್ಮ ಮನೆಯದೇ ತಪ್ಪು.

ನೋಂದಣಿಯ ದಿನ ಮೇ ತಿಂಗಳಲ್ಲಿ ಬಂತು. ಅಕ್ಕ, ತಮ್ಮ ಇಬ್ಬರೂ ಬಂದಿದ್ದರು. ಕಟ್ಟಡಕ್ಕೆ ಎಷ್ಟು ವರ್ಷ, ಎಷ್ಟು ಮಹಡಿ, ಎಷ್ಟು ಚದರಡಿ, ಛಾವಣಿ ಆರ್‌ಸಿಸಿಯೋ ಹೆಂಚೋ ಎಂದು ಅಲ್ಲಿ ಕೇಳಿದರು. ಎದುರುಮನೆಯವರ ಮಾತು ನೆನಪಾಗಿ ನನ್ನ ಎದೆ ಒಂದು ಕ್ಷಣ ಹಾರಿತು. ಆದರೆ ಆ ಪ್ರಶ್ನೆಗಳು ಸರ್ಕಾರ ಗೊತ್ತುಮಾಡುವ ಮಾರ್ಗಸೂಚಿ ಬೆಲೆಗಾಗಿ, ವಯಸ್ಸಾದ ಕಟ್ಟಡಕ್ಕೆ ಸವಕಳಿ ಕಳೆದು ಮುದ್ರಾಂಕ ಶುಲ್ಕ ಲೆಕ್ಕ ಹಾಕುವುದಕ್ಕಾಗಿ ಇದ್ದವು. ಬ್ಯಾಂಕು ಲೆಕ್ಕಕ್ಕೇ ತೆಗೆದುಕೊಳ್ಳದ ಮೊದಲ ಮಹಡಿಗೂ ಶುಲ್ಕ ಬಿತ್ತು. ಪತ್ರದ ಷೆಡ್ಯೂಲಿನಲ್ಲಿ ‘ಮೊದಲ ಮಹಡಿಗೆ ಮಂಜೂರಾದ ನಕ್ಷೆ ಇರುವುದಿಲ್ಲ, ಈ ವಿಷಯ ಖರೀದಿದಾರರಿಗೆ ತಿಳಿದಿರುತ್ತದೆ’ ಎಂಬ ಸಾಲನ್ನು ಯಾರೂ ಎರಡನೆಯ ಸಲ ಓದಲಿಲ್ಲ. ಫೋಟೊ, ಹೆಬ್ಬೆರಳು, ಸಹಿ ಎಲ್ಲ ಸೇರಿ ಅರ್ಧ ಗಂಟೆಯಾಯಿತು.

ಕಚೇರಿಯ ಹೊರಗೆ ಬ್ಯಾಂಕಿನ ಪ್ರತಿನಿಧಿಗೆ ಮೂಲಪತ್ರಗಳನ್ನು ಪಟ್ಟಿ ಮಾಡಿ ಒಪ್ಪಿಸಿದೆವು. ನೀಲಿ ನಕ್ಷೆಯ ಬಣ್ಣದ ಪ್ರತಿಯೊಂದನ್ನು ಮಾಡಿಸಿ ನನಗಾಗಿ ಇಟ್ಟುಕೊಂಡಿದ್ದೆ, ಇನ್ನೊಂದನ್ನು ಆ ದಂಪತಿಗೆ ಕೊಟ್ಟೆ. ಎರಡನೆಯ ಮಹಡಿಯ ಯೋಚನೆಯನ್ನು ಸದ್ಯಕ್ಕೆ ಕೈಬಿಟ್ಟಿದ್ದೇವೆ ಎಂದು ಆ ಹೆಣ್ಣುಮಗಳು ಹೇಳಿ, ಬಚ್ಚಲನ್ನು ಮಾತ್ರ ತೆಗೆಸಿಬಿಡುತ್ತೇವೆ ಸರ್, ಆ ಜಾಗದಲ್ಲಿ ಗಾಳಿ ಆಡಲಿ ಎಂದರು. ಜೂನಿನಲ್ಲಿ ನಾನು ಆ ಕಡೆ ಹೋದಾಗ ಬಚ್ಚಲು ಹೋಗಿತ್ತು, ನಿಂಬೆ ಗಿಡ ಇತ್ತು, ಸಜ್ಜಾದ ಕೆಳಗೆ ಹೊಸ ಗಾರೆ ಇನ್ನೂ ಹಸಿಯಾಗಿತ್ತು.